ರೈಟರ್ ಸ್ವಲ್ಪ ಹೊರಗೆ ನಿಲ್ಲಲಿ

ಹೊಸದಾಗಿ ಕೆಲಸಕ್ಕೆ ಸೇರಿ ಕೊಡಗಿಗೆ ಬರುವ ಸಿಸ್ಟರ್‌ಗಳಿಗೆ ನಾನು ಮೊದಲ ದಿನ ಮೂರು ಮಾತು ಹೇಳುತ್ತಿದ್ದೆ. ಗಟ್ಟಿ ಕೊಡೆ ತಗೊಳ್ಳಿ. ಜಿಗಣೆಗೆ ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ. ರೋಗಿಯ ಜೊತೆ ತೋಟದ ರೈಟರ್ ಬಂದರೆ ಮರ್ಯಾದೆಯಿಂದಲೇ ಅವರನ್ನು ಸ್ವಲ್ಪ ಹೊರಗೆ ನಿಲ್ಲಿಸಿ. ಮೊದಲೆರಡಕ್ಕೆ ತಲೆಯಾಡಿಸುತ್ತಿದ್ದರು. ಮೂರನೆಯದಕ್ಕೆ "ಅದ್ಯಾಕೆ ಮೇಡಂ?" ಅನ್ನುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ಈಗ ರಿಟೈರ್ ಆಗಿದ್ದೇನೆ, ಪುರುಸೊತ್ತಿದೆ, ಬರೆಯುತ್ತೇನೆ.

ನಾನು ಶನಿವಾರಸಂತೆ ಕಡೆಯವಳು. 31 ವರ್ಷ ಸರ್ಕಾರಿ ನರ್ಸ್ ಆಗಿ ಕೆಲಸ, ಹೆಚ್ಚಿನದೆಲ್ಲ ದಕ್ಷಿಣ ಕೊಡಗಿನಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ರೈಟರ್ ಅಂದರೆ ಕಾಫಿ ತೋಟದಲ್ಲಿ ಹಾಜರಿ, ಬಟವಾಡೆ, ಲೈನ್ ಮನೆ (ಕೂಲಿಯವರ ಸಾಲುಮನೆ) ಎಲ್ಲ ನೋಡಿಕೊಳ್ಳುವವರು. ಜೀಪಿನಲ್ಲಿ ರೋಗಿಯನ್ನು ಕರೆತರುವವರೂ ಅವರೇ, ರೋಗಿಯ ಪರವಾಗಿ ಮಾತಾಡುವವರೂ ಅವರೇ. ಹಾಗಂತ ಕೆಟ್ಟವರಲ್ಲ. ರಾತ್ರಿ ಒಂದು ಗಂಟೆಗೆ ಮಳೆಯಲ್ಲಿ ಬಸುರಿಯನ್ನು ಹೊತ್ತು ತಂದ ರೈಟರ್‌ಗಳನ್ನು ನಾನು ನೋಡಿದ್ದೇನೆ. ಆದರೆ ಅವರು ಪಕ್ಕದಲ್ಲಿ ನಿಂತಿದ್ದರೆ ರೋಗಿ ಬಾಯಿ ಬಿಡುವುದಿಲ್ಲ.

ನರ್ಸಿಂಗ್ ಓದುವಾಗ ನೀತಿಯ ಪಾಠ ನಮಗೂ ಇತ್ತು. 1979ರಲ್ಲಿ ಅಮೆರಿಕದ ಬೋಶಾಂಪ್ ಮತ್ತು ಚಿಲ್ಡ್ರೆಸ್ ಎಂಬಿಬ್ಬರು ನಾಲ್ಕು ತತ್ವ ಮುಂದಿಟ್ಟರು. ಅವನ್ನು ನಾವು ಪರೀಕ್ಷೆಗೆ ಉರು ಹೊಡೆದೆವು. ವಾರ್ಡಿಗೆ ಬಂದ ಮೇಲೆ ಅವಕ್ಕೆ ನನ್ನದೇ ಹೆಸರು ಕೊಟ್ಟುಕೊಂಡೆ. ಒಂದು, ಯಾರ ಮೈಯೋ ಅವರ ಮಾತು. ಎರಡು, ಒಳ್ಳೆಯದು ಮಾಡು. ಮೂರು, ಇದ್ದದ್ದನ್ನು ಕೆಡಿಸಬೇಡ. ನಾಲ್ಕು, ಪಂಕ್ತಿಭೇದ ಮಾಡಬೇಡ. ಕೇಳಲು ಸುಲಭ, ಅಲ್ವಾ? ತೊಂದರೆ ಏನೆಂದರೆ ಇವು ನಾಲ್ಕೂ ಒಂದೇ ದಿನ ಒಂದೇ ಮಂಚದ ಸುತ್ತ ನಿಂತು ಜಗಳಕ್ಕೆ ಬೀಳುತ್ತವೆ. ಇದೇ ಮೇಲು, ಅದು ಕೆಳಗೆ ಎಂದು ಆ ಇಬ್ಬರೂ ಹೇಳಿಲ್ಲ. ಹಾಗಾಗಿ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ನಾವೇ ಕಲಿಯಬೇಕು. ನಾನು ಕಲಿತದ್ದು: ಮೊದಲು ರೋಗಿಯನ್ನು ಒಬ್ಬರೇ ಇರುವಂತೆ ಮಾಡಿ ಕೇಳಬೇಕು. ತತ್ವ ಆಮೇಲೆ.

ಹೊರಗೆ ಕಳಿಸುವುದು ಹೇಗೆ

"ನೀವು ಹೊರಗೆ ಹೋಗಿ" ಅನ್ನಬಾರದು. ಮುಖ ಮುರಿದಂತಾಗುತ್ತದೆ, ಮುಂದಿನ ಸಲ ಅವರು ಜೀಪೇ ತರುವುದಿಲ್ಲ. "ಅಣ್ಣ, ಮೈ ನೋಡಬೇಕು, ಒಂದು ಐದು ನಿಮಿಷ" ಅನ್ನಿ. ಯಾವ ಗಂಡಸೂ ಇದಕ್ಕೆ ಎದುರಾಡಿದ್ದನ್ನು ನಾನು ಕಾಣೆ. ಅತ್ತೆಯರು ಮಾತ್ರ ಕಷ್ಟ. "ನಾನೂ ಹೆಂಗಸೇ ತಾನೇ" ಅಂತ ಕೂತೇ ಬಿಡುತ್ತಾರೆ. ಅವರ ಕೈಗೆ ಲ್ಯಾಬ್ ಚೀಟಿ ಕೊಟ್ಟು ಕಳಿಸಿ, ಇಲ್ಲವೇ ಸೊಸೆಯನ್ನೇ ಉಚ್ಚೆ ಪರೀಕ್ಷೆಯ ನೆಪದಲ್ಲಿ ಕರೆದುಕೊಂಡು ಹೋಗಿ. ನನ್ನ ಎಷ್ಟೋ ಮುಖ್ಯ ಮಾತುಕತೆ ಶೌಚಾಲಯದ ಬಾಗಿಲಲ್ಲಿ ನಡೆದಿದೆ.

ಆಮೇಲೆ ಸ್ಟೂಲ್ ಎಳೆದುಕೊಂಡು ಕೂರಿ. ನಿಂತು ಕೇಳಿದರೆ ಉತ್ತರ ಬರೀ "ಹೂಂ". ಆ ಹೂಂಗೆ ಒಪ್ಪಿಗೆ ಅಂತ ಅರ್ಥ ಇಲ್ಲ, "ಬೇಗ ಬಿಟ್ಟುಬಿಡಿ" ಅಂತ ಅರ್ಥ.

ಇದನ್ನು ನಾನು ಕಲಿತದ್ದು 1994ರ ಸುಮಾರಿಗೆ, ಒಂದು ಆಪರೇಷನ್ ಕ್ಯಾಂಪಿನಲ್ಲಿ. ಆಗ ಕುಟುಂಬ ಯೋಜನೆಗೆ ಟಾರ್ಗೆಟ್ ಇತ್ತು. ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿದ್ದು 1996ರಲ್ಲಿ. ಕಾಫಿ ಕೊಯ್ಲಿನ ಕಾಲ. ಒಂದು ತೋಟದಿಂದ ಐದು ಹೆಂಗಸರನ್ನು ಜೀಪಿನಲ್ಲಿ ತಂದರು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಕೆಲಸ ನನ್ನದು. ನಾಲ್ಕು ಆಯಿತು. ಐದನೆಯವಳ ಹೆಬ್ಬೆರಳಿಗೆ ಇಂಕೇ ಹತ್ತಲಿಲ್ಲ. ಕಾಫಿ ಹಣ್ಣಿನ ಅಂಟು ಬೆರಳ ಗೆರೆಗಳಲ್ಲೆಲ್ಲ ಕಪ್ಪಗೆ ಕೂತಿತ್ತು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದೆ, ಮತ್ತೆ ಒತ್ತಿದೆ, ಮತ್ತೆ ಒರೆಸಿದೆ. ಅವಳಿಗೆ ನಗು ಬಂತು. "ಅಕ್ಕಾ, ಸೂಜಿಗೂ ಹೆಬ್ಬೆಟ್ಟು ಬೇಕಾ?" ಅಂದಳು.

ಸೂಜಿ ಅಂತಲೇ ಅವಳು ತಿಳಿದಿದ್ದಳು. ಸುಸ್ತಿಗೆ ಕೊಡುವ ಸೂಜಿ. ಇನ್ನು ಮಕ್ಕಳಾಗುವುದಿಲ್ಲ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ನಾನು ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಅವಳ ಹೆಸರಿಗೆ ಗೆರೆ ಎಳೆದರು. ಉಳಿದ ನಾಲ್ವರ ಹೆಬ್ಬೆಟ್ಟು ಆಗಲೇ ಒತ್ತಿಯಾಗಿತ್ತು. ಅವರನ್ನು ನಾನು ಕೇಳಲಿಲ್ಲ.

ಅಂದಿನಿಂದ ಯಾವ ಸಹಿಗೂ ಮುಂಚೆ ಒಂದು ಪ್ರಶ್ನೆ ಕೇಳುತ್ತಾ ಬಂದೆ. "ಅರ್ಥ ಆಯ್ತಾ?" ಅನ್ನುವ ಪ್ರಶ್ನೆ ಅಲ್ಲ, ಅದಕ್ಕೂ ಉತ್ತರ ಹೂಂ. ಹೀಗೆ ಕೇಳಿ: "ನಾನು ಸರಿಯಾಗಿ ಹೇಳಿದೆನಾ ನೋಡೋಣ. ಮನೆಗೆ ಹೋದಾಗ ನಿಮ್ಮ ಅಕ್ಕ 'ಆಸ್ಪತ್ರೆಯಲ್ಲಿ ಏನ್ ಮಾಡಿದ್ರು?' ಅಂತ ಕೇಳಿದ್ರೆ ಏನ್ ಹೇಳ್ತೀರಿ?" ಅವರು ಅವರದೇ ಮಾತಿನಲ್ಲಿ ಹೇಳಲಿ. ಏನು ಮಾಡುತ್ತಾರೆ, ಅದರಿಂದ ಏನು ಗುಣ, ಏನು ಅಪಾಯ, ಮಾಡಿಸದಿದ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯಾ? ಇಷ್ಟು ಅವರ ಬಾಯಲ್ಲಿ ಬಂದರೆ ಸಹಿ. ಬಾರದಿದ್ದರೆ ತಪ್ಪು ನಮ್ಮ ಹೇಳಿಕೆಯಲ್ಲಿದೆ, ಇನ್ನೊಮ್ಮೆ ಹೇಳಬೇಕು.

ಸಹಿ ಯಾರದು ಅನ್ನುವುದೂ ಗೊತ್ತಿರಲಿ. ಬುದ್ಧಿ ನೆಟ್ಟಗಿರುವ, 18 ತುಂಬಿದ ರೋಗಿಯದು ರೋಗಿಯದೇ. ಗಂಡನದಲ್ಲ, ಮಾವನದಲ್ಲ. ಸಂತಾನಹರಣ ಆಪರೇಷನ್ನಿಗೂ ಕಾನೂನು ಗಂಡನ ಸಹಿ ಕೇಳುವುದಿಲ್ಲ, ಗರ್ಭಪಾತಕ್ಕೂ ಕೇಳುವುದಿಲ್ಲ. ನಮ್ಮ ವಾರ್ಡುಗಳಲ್ಲಿ ಮಾತ್ರ ಕೇಳುತ್ತಲೇ ಇರುತ್ತಾರೆ. ದೆಹಲಿಯ ಸಮೀರಾ ಕೊಹ್ಲಿ ಪ್ರಕರಣ ಕೇಳಿರಬಹುದು. ಹೊಟ್ಟೆಯೊಳಗೆ ನೋಡುವ ಪರೀಕ್ಷೆಗೆ ಆಕೆ ಒಪ್ಪಿದ್ದರು. ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಪ್ರಾಣಾಪಾಯ ಇಲ್ಲದಿದ್ದ ಮೇಲೆ ಅದು ತಪ್ಪು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಾಯಿಯ ಸಹಿಯೂ ನಡೆಯಲಿಲ್ಲ, ನೋಡಿ. ಇನ್ನು ರೈಟರ್ ಸಹಿ?

ಇದಕ್ಕೆ ವಿನಾಯಿತಿ ತುರ್ತು. ಆನೆ ತುಳಿದವರನ್ನು ತಂದಾಗ ಒಪ್ಪಿಗೆ ಪತ್ರ ಹುಡುಕುತ್ತಾ ನಿಲ್ಲಬಾರದು, ಪೊಲೀಸರು ಬರಲಿ ಅಂತಲೂ ಕಾಯಬಾರದು. ಜೀವ ಉಳಿಸುವುದು ಮೊದಲು, ಕಾಗದ ಆಮೇಲೆ ಅನ್ನುವುದು ಸುಪ್ರೀಂ ಕೋರ್ಟಿನ 1989ರ ಪರಮಾನಂದ ಕಟಾರಾ ತೀರ್ಪಿನಿಂದ ಗಟ್ಟಿಯಾಗಿದೆ.

ಭಾಷೆಯ ಮಾತು. ಕೊಡಗಿನ ಒಂದು ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ ಮಾತು, ಮಲಯಾಳಂ, ತುಳು ಎಲ್ಲ ಕಿವಿಗೆ ಬೀಳುತ್ತದೆ. ಈಗ ಅಸ್ಸಾಂ ಕಡೆಯವರೂ ಜಾಸ್ತಿ. ನನಗೆ ಯರವ ಮಾತು ಪೂರ್ತಿ ಬಂದೇ ಇಲ್ಲ. ಹಾಡಿಯಿಂದ, ಅಂದರೆ ಆದಿವಾಸಿಗಳ ಊರಿನಿಂದ, ಬರುವ ಆಶಾ ಕಾರ್ಯಕರ್ತೆಯನ್ನೇ ನಂಬಿದ್ದೆ. ಆದರೆ ಮಕ್ಕಳನ್ನು ದುಭಾಷಿ ಮಾಡಬೇಡಿ. ಹತ್ತು ವರ್ಷದ ಹುಡುಗನ ಬಾಯಲ್ಲಿ ಅವನ ಅಮ್ಮನ ರಕ್ತಸ್ರಾವದ ಕಥೆ ಹೇಳಿಸುವುದು ಇಬ್ಬರಿಗೂ ಹಿಂಸೆ.

ಗುಟ್ಟು

ಇಲ್ಲಿ ನನ್ನ ಇನ್ನೊಂದು ತಪ್ಪು ಹೇಳಬೇಕು. ಹದಿನೈದು ವರ್ಷಕ್ಕೂ ಹಿಂದಿನದು. ಲೈನ್ ಮನೆಯ ಹುಡುಗನೊಬ್ಬನಿಗೆ ಕಫ ಪರೀಕ್ಷೆಯಲ್ಲಿ ಟಿಬಿ ಬಂತು. ಆಗ ಪ್ರತಿ ರೋಗಿಗೂ ಅವರ ಹೆಸರು ಬರೆದ ಒಂದೊಂದು ಮಾತ್ರೆ ಡಬ್ಬಿ. ವಾರಕ್ಕೆ ಮೂರು ದಿನ ನಮ್ಮ ಎದುರೇ ನುಂಗಬೇಕು. ಹುಡುಗ ತಪ್ಪದೆ ಬರುತ್ತಿದ್ದ. ಮೂರನೇ ವಾರ ತೋಟದ ಸಾವ್ಕಾರರು ಫೋನ್ ಮಾಡಿದರು. "ಸಿಸ್ಟರೇ, ನಮ್ಮ ಹುಡುಗನಿಗೆ ಏನಂತೆ? ಖರ್ಚು ಏನಿದ್ರೂ ನಾನು ನೋಡ್ಕೋತೀನಿ." ದನಿಯಲ್ಲಿ ನಿಜವಾದ ಕಾಳಜಿ ಇತ್ತು. ನಾನು ಹೇಳಿಬಿಟ್ಟೆ.

ನಾಲ್ಕು ದಿನದಲ್ಲಿ ಆ ಲೈನ್ ಮನೆ ಖಾಲಿ. ಸಾವ್ಕಾರರು ಓಡಿಸಲಿಲ್ಲವಂತೆ. ಅವರು ರೈಟರ್‌ಗೆ ಹೇಳಿದರು, ರೈಟರ್ ಮೇಸ್ತ್ರಿಗೆ ಹೇಳಿದರು, ಅಕ್ಕಪಕ್ಕದವರು ನಲ್ಲಿ ನೀರು ಹಿಡಿಯಲು ಬಿಡಲಿಲ್ಲ. ಹುಡುಗ, ಹೆಂಡತಿ, ಮಗು ರಾತ್ರೋರಾತ್ರಿ ಹೊರಟರು. ಎಲ್ಲಿಗೆ ಹೋದರೋ ಕೊನೆಗೂ ಪತ್ತೆಯಾಗಲಿಲ್ಲ. ಆರು ತಿಂಗಳ ಔಷಧಿ ಮೂರನೇ ವಾರಕ್ಕೇ ನಿಂತಿತು. ಅವನ ಹೆಸರಿನ ಡಬ್ಬಿ ಬಹಳ ದಿನ ಕಪಾಟಿನಲ್ಲೇ ಇತ್ತು. ಮಾತ್ರೆ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ಸರಿಯಾದ ಔಷಧಿ ಎರಡು ಮೂರು ವಾರ ಬಿದ್ದರೆ ಇನ್ನೊಬ್ಬರಿಗೆ ಅಂಟಿಸುವ ಅಪಾಯ ಸಾಮಾನ್ಯವಾಗಿ ಬಹಳ ಇಳಿದುಹೋಗುತ್ತದೆ. ಅಂದರೆ ಅವನಿಂದ ಯಾರಿಗೂ ಹೆಚ್ಚು ಭಯವಿಲ್ಲದ ಹೊತ್ತಿನಲ್ಲಿ ಅವನನ್ನು ಓಡಿಸಿದಂತಾಯಿತು. ಓಡಿಸಿದ್ದು ನನ್ನ ನಾಲಿಗೆ.

ಈಗ ಅಂಥ ಫೋನ್ ಬಂದರೆ ಹೀಗೆ ಹೇಳಿ: "ಸಾರ್, ಅವರನ್ನೇ ಕೇಳಿ. ಅವರು ಹೇಳಬಹುದು ಅಂದ್ರೆ ನಾನೂ ಹೇಳ್ತೀನಿ. ಕೆಲಸಕ್ಕೆ ಯಾವತ್ತಿಂದ ಬರಬಹುದು ಅನ್ನೋದನ್ನ ಡಾಕ್ಟರ್ ಚೀಟಿಯಲ್ಲಿ ಬರೀತಾರೆ." ಸಾವ್ಕಾರರಿಗೆ ನಿಜವಾಗಿ ಬೇಕಾದದ್ದು ಆ ಚೀಟಿಯೇ. ದುಡ್ಡು ಕೊಟ್ಟವರಿಗೆ ಬಿಲ್ ತೋರಿಸಬಹುದು, ರಿಪೋರ್ಟ್ ತೋರಿಸಬಾರದು.

ಹಾಗಾದರೆ ಲೈನಿನ ಉಳಿದವರ ಗತಿ? ಒಳ್ಳೆಯ ಪ್ರಶ್ನೆ. ಟಿಬಿಯನ್ನು ಇಲಾಖೆಗೆ ತಿಳಿಸುವುದು 2012ರಿಂದ ಕಡ್ಡಾಯ. ಅದು ಇಲಾಖೆಗೆ, ತೋಟದ ಆಫೀಸಿಗಲ್ಲ. ಮನೆಯವರ ಪರೀಕ್ಷೆಯನ್ನು ರೋಗಿಯ ಜೊತೆ ಮಾತಾಡಿ ಮಾಡಿಸಿ. ಲೈನಿಗೆ ಬೇಕಾದರೆ ಎಲ್ಲರಿಗೂ ಸೇರಿಸಿ ಒಂದು ಕೆಮ್ಮಿನ ಕ್ಯಾಂಪ್ ಹಾಕಿ. ಬಿಪಿ, ಸಕ್ಕರೆಯೂ ನೋಡಿ. ಯಾರಿಗಾಗಿ ಬಂದಿದ್ದೀರಿ ಅಂತ ಯಾರಿಗೂ ತಿಳಿಯುವುದಿಲ್ಲ. ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆ ಇನ್ನೂ ಬಿಗಿ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಕಾಯ್ದೆ ಹೇಳಿದ ಕೆಲವೇ ಸಂದರ್ಭ ಬಿಟ್ಟು ಬಾಯಿ ಬಿಡುವಂತಿಲ್ಲ.

ಗುಟ್ಟು ಮುರಿಯಲೇಬೇಕಾದ ಜಾಗವೂ ಇದೆ. 18 ತುಂಬದ ಹುಡುಗಿ ಬಸುರಾಗಿ ಬಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. "ಮದುವೆ ಆಗಿದೆ" ಅಂದರೂ ಅಷ್ಟೇ. ಹುಡುಗಿಗೆ ಇದನ್ನು ಮೊದಲೇ ಹೇಳಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಟ್ಟು ಆಮೇಲೆ ಹೇಳಿದರೆ ಅವಳು ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ. ಅವಳು ಗರ್ಭಪಾತಕ್ಕೆ ಬಂದಿದ್ದು, ಅವಳೂ ಮನೆಯವರೂ ಕೇಳಿಕೊಂಡರೆ, ಡಾಕ್ಟರ್ ತಮ್ಮ ವರದಿಯಲ್ಲಿ ಅವಳ ಹೆಸರು, ಗುರುತು ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಸಿದ್ಧಾಂತ ಯಾವಾಗ ಬೇಕು

ತತ್ವಜ್ಞಾನಿಗಳ ಸಿದ್ಧಾಂತಗಳು ಸುಮ್ನೆ ಪುಸ್ತಕದ ಬದನೆಕಾಯಿ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಇಕ್ಕಟ್ಟಿನಲ್ಲಿ ಕನ್ನಡಕ ಬದಲಿಸಿ ನೋಡಲು ಅವು ಬೇಕು. ಬೆಂಥಮ್, ಮಿಲ್ ಕಡೆಯವರದು ಲೆಕ್ಕದ ಕನ್ನಡಕ: ಎಲ್ಲರಿಗೂ ಸೇರಿ ಲಾಭ ಎಷ್ಟು, ನಷ್ಟ ಎಷ್ಟು? ಕಾಂಟ್‌ದು ಬೇರೆ: ಯಾವ ಮನುಷ್ಯನನ್ನೂ ಬರೀ ಇನ್ನೊಂದು ಕೆಲಸಕ್ಕೆ ಮೆಟ್ಟಿಲು ಮಾಡಬೇಡ. ಅರಿಸ್ಟಾಟಲ್ ದಾರಿ ನನಗೆ ಇಷ್ಟ: ಒಳ್ಳೆಯ ಗುಣದವರು ಇಲ್ಲಿ ನಿಂತಿದ್ದರೆ ಏನು ಮಾಡುತ್ತಿದ್ದರು? ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಒಬ್ಬರಿದ್ದರು. ರಾತ್ರಿ ಪಾಳಿಯಲ್ಲಿ ಗೊಂದಲವಾದರೆ ಅವರ ಮುಖ ನೆನೆಯುತ್ತೇನೆ, ಅಷ್ಟೇ.

ಆ ಆಪರೇಷನ್ ಕ್ಯಾಂಪನ್ನೇ ನೋಡಿ. ಲೆಕ್ಕದ ಕನ್ನಡಕದಲ್ಲಿ ಐದಕ್ಕೆ ಐದು ಆಗಿದ್ದರೆ ಯಶಸ್ಸು. ಕಾಂಟ್ ಕನ್ನಡಕದಲ್ಲಿ ಐವರು ಹೆಂಗಸರು ಯಾರದೋ ಟಾರ್ಗೆಟ್ಟಿನ ಮೆಟ್ಟಿಲು. ಲೆಕ್ಕವನ್ನೂ ಸರಿಯಾಗಿ ಹಾಕಿದರೆ ನಷ್ಟವೇ. ಆ ತೋಟದ ಹೆಂಗಸರು ಆಮೇಲೆ ಹೆರಿಗೆಗೂ ನಮ್ಮ ಹತ್ತಿರ ಬರಲು ಅಂಜಿದರು. ಎರಡೂ ಕನ್ನಡಕ ಬೇರೆ ಬೇರೆ ತೋರಿಸಿದರೆ ಅವಸರ ಮಾಡಬೇಡಿ, ಇನ್ನೊಬ್ಬರನ್ನು ಕೇಳಿ.

ಹಾಡಿಗಳಿಗೆ ರಕ್ತ ತೆಗೆಯಲು ಬರುವವರ ವಿಷಯದಲ್ಲಿ ಇದು ಬಹಳ ಮುಖ್ಯ. ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ಆದಿವಾಸಿಗಳಲ್ಲಿ ಹೆಚ್ಚು. 2023ರಲ್ಲಿ ಅದಕ್ಕೆ ರಾಷ್ಟ್ರೀಯ ಮಿಷನ್ನೇ ಶುರುವಾಯಿತು. ಪರೀಕ್ಷೆ ಒಳ್ಳೆಯದೇ. ಆದರೆ ಇದು ಚಿಕಿತ್ಸೆಗಾಗಿಯೋ ಯಾರದೋ ಸಂಶೋಧನೆಗಾಗಿಯೋ ಅಂತ ಕೇಳಿ. ಸಂಶೋಧನೆಯಾದರೆ ನೀತಿ ಸಮಿತಿಯ ಒಪ್ಪಿಗೆ ಪತ್ರ ತೋರಿಸಲಿ. ಫಲಿತಾಂಶ ಹಾಡಿಗೆ ವಾಪಸ್ ಬರುತ್ತದಾ ಅಂತಲೂ ಕೇಳಿ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಬಡ ಕಪ್ಪು ಜನರನ್ನು ಸುಮ್ಮನೆ ನೋಡುತ್ತಾ ಕೂತರು. ನಡುವೆ ಪೆನಿಸಿಲಿನ್ ಬಂದರೂ ಕೊಡಲಿಲ್ಲ. ಅವರಿಗೂ "ನಿಮ್ಮ ಕೆಟ್ಟ ರಕ್ತಕ್ಕೆ ಚಿಕಿತ್ಸೆ" ಅಂತಲೇ ಹೇಳಿದ್ದರು.

"ಅಪ್ಪನಿಗೆ ಹೇಳಬೇಡಿ"

ಇದು ಎಲ್ಲ ಮನೆಯ ಮಾತು. ಒಬ್ಬರು ಕೊಡವ ಅಜ್ಜ, ಸೇನೆಯಿಂದ ನಿವೃತ್ತರಾದವರು. ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿ, ಕ್ಯಾನ್ಸರ್ ಹರಡಿದೆ ಅಂತ ರಿಪೋರ್ಟ್ ಹಿಡಿದು ಬಂದಿದ್ದರು. ಬೆಂಗಳೂರಿನಿಂದ ಬಂದ ಮಗ ನನ್ನನ್ನು ಕಾರಿಡಾರಿಗೆ ಕರೆದು, "ಅಪ್ಪನಿಗೆ ಹೇಳಬೇಡಿ ಸಿಸ್ಟರ್, ಕುಸಿದು ಹೋಗ್ತಾರೆ" ಅಂದರು. ಒಳಗೆ ಹೋದರೆ ಅಜ್ಜ ಕಣ್ಣು ಮುಚ್ಚಿಯೇ ಕೇಳಿದರು, "ಏನಂದ ಅವನು?"

ಇಲ್ಲಿ ಸುಳ್ಳು ಹೇಳಬೇಡಿ, ಸತ್ಯವನ್ನು ತಲೆಗೆ ಹೊಡೆದಂತೆಯೂ ಹೇಳಬೇಡಿ. ಎಷ್ಟು ಬೇಕು ಅಂತ ಕೇಳಿ. "ಅಜ್ಜ, ರಿಪೋರ್ಟಿನ ವಿಷಯ ನಿಮ್ಮ ಹತ್ತಿರವೇ ಮಾತಾಡಬೇಕಾ, ಮಗನ ಹತ್ತಿರ ಮಾತಾಡಿದರೆ ಸಾಕಾ?" ಅಜ್ಜ ಕಣ್ಣು ಬಿಟ್ಟರು. "ನೋಡು ಮಗಳೇ, ಫೌಜಿನಲ್ಲಿ ಮೂವ್ ಆರ್ಡರ್ ಬಂದ್ರೆ ನನ್ನ ಕೈಗೇ ಕೊಡ್ತಿದ್ರು. ಮಗನ ಕೈಗೆ ಕೊಡ್ತಿರಲಿಲ್ಲ."

ಡಾಕ್ಟರ್ ಬಂದು ಕೂತು ಹೇಳಿದರು. ಮಗನೂ ಇದ್ದರು. ಅಜ್ಜ ಕುಸಿಯಲಿಲ್ಲ, ಅತ್ತದ್ದು ಮಗ. ಅಜ್ಜ ಕೇಳಿದ್ದು ಒಂದೇ: ಹುತ್ತರಿ ಸುಗ್ಗಿ ಹಬ್ಬಕ್ಕೆ ಮನೆಯಲ್ಲಿರಬಹುದಾ? ಕೀಮೋ ಬೇಡ ಅಂದರು, ನೋವಿಗೆ ಔಷಧಿ ಬರೆಸಿಕೊಂಡು ಹೋದರು. ಹುತ್ತರಿ ರಾತ್ರಿ ಕುರ್ಚಿಯಲ್ಲಿ ಕೂರಿಸಿ ಗದ್ದೆ ಬದಿಗೆ ಹೊತ್ತುಕೊಂಡು ಹೋದರಂತೆ. ಕದಿರು ತೆಗೆಯುವಾಗ ಕೋವಿ ಹೊಡೆದದ್ದು ತಡವಾಯಿತು ಅಂತ ಬೈದರಂತೆ. ಸಂಕ್ರಾಂತಿಗೆ ಮುಂಚೆ ಹೋದರು.

ಎಲ್ಲರೂ ಆ ಅಜ್ಜನಂತಲ್ಲ. ಒಬ್ಬ ಅಮ್ಮ, "ನಂಗೆ ಬೇಡ, ಮಗಳಿಗೆ ಹೇಳಿ, ಅವಳು ಹೇಳಿದಂಗೆ ಮಾಡ್ತೀನಿ" ಅಂದರು. ಅದೂ ಅವರದೇ ತೀರ್ಮಾನ. ತಿಳಿಯುವುದು ಬೇಡ ಅನ್ನುವ ಹಕ್ಕೂ ಇದೆ.

ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಅದರ ಕ್ರಮ ಸರಳ ಮಾಡಿತು. ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಸಹಿ ಮಾಡಿದರೆ ಸಾಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದರ ಬಗ್ಗೆ ಸುತ್ತೋಲೆ ಹೊರಡಿಸಿತು. ಯಂತ್ರ ನಿಲ್ಲಿಸುವ ತೀರ್ಮಾನ ವೈದ್ಯರ ಮಂಡಳಿಗಳದ್ದು, ಸಿಸ್ಟರದ್ದಲ್ಲ. ಆದರೆ ರೋಗಿ ನಡುರಾತ್ರಿ "ಸಾಕು" ಅಂದದ್ದನ್ನು ಕೇಳಿಸಿಕೊಳ್ಳುವವರು ನಾವೇ. ಅದನ್ನು ಬೆಳಗಿನ ರೌಂಡ್ಸಿನಲ್ಲಿ ಹೇಳಿ.

ಪಂಕ್ತಿಭೇದ

ಕೊಡಗಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಕಾರಿನಲ್ಲಿ ಬಂದವರು ನೇರ ಒಳಗೆ ಬರುತ್ತಾರೆ, ಹಾಡಿಯವರು ಕಂಬದ ಹಿಂದೆ ನಿಂತಿರುತ್ತಾರೆ. ಸಾಲು ಅಂದರೆ ಸಾಲು ಅಂತ ಹಟ ಹಿಡಿದರೂ ನ್ಯಾಯವಾಗುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಜನ ಪರಿಹಾರ ಶಿಬಿರಕ್ಕೆ ಬಂದಾಗ ಇದು ಗೊತ್ತಾಯಿತು. ಮೊದಲ ದಿನ ಮೊದಲು ಬಂದವರಿಗೆ ಮಾತ್ರೆ ಕೊಟ್ಟೆವು. ಮುಂದೆ ಇದ್ದವರೆಲ್ಲ ಕಾಲು ಗಟ್ಟಿ ಇದ್ದವರು. ಎರಡನೇ ದಿನ ಪ್ರಶ್ನೆ ಬದಲಿಸಿದೆವು: ಇವತ್ತು ಔಷಧಿ ಸಿಗದಿದ್ದರೆ ಯಾರಿಗೆ ಅಪಾಯ? ಇನ್ಸುಲಿನ್‌ನವರು, ಫಿಟ್ಸ್ ಮಾತ್ರೆಯವರು, ಬಸುರಿಯರು ಮೊದಲು. ಶೀತ, ಮೈಕೈ ನೋವು ಆಮೇಲೆ. ಗೊಣಗಿದರು, ಆದರೆ ಕಾರಣ ಹೇಳಿದ ಮೇಲೆ ನಿಂತರು.

ಉಡುಗೊರೆ ಬಗ್ಗೆ ಕೇಳುತ್ತಾರೆ. ಬಾಳೆಗೊನೆ ಬಂದರೆ ವಾರ್ಡಿಗೆಲ್ಲ ಹಂಚಿ. ಕವರ್ ಬಂದರೆ ಬೇಡ. ಕಾಫಿಪುಡಿ ವಿಷಯದಲ್ಲಿ ನಾನು ಪೂರ್ತಿ ಸಾಚಾ ಅಲ್ಲ.

ಡಾಕ್ಟರೇ ತಪ್ಪುತ್ತಿದ್ದಾರೆ ಅನ್ನಿಸಿದರೆ ರೋಗಿಯ ಎದುರು ವಾದ ಬೇಡ. "ಸಾರ್, ಅವರಿಗೆ ಇನ್ನೂ ಗೊತ್ತಾಗಿಲ್ಲ ಅನ್ಸುತ್ತೆ, ಒಂದ್ಸಲ ನೀವೇ ಹೇಳ್ತೀರಾ?" ಅನ್ನಿ. ಬಹುಪಾಲು ಸಲ ಇಷ್ಟೇ ಸಾಕು. ಸಾಲದಿದ್ದರೆ ಮೇಲಿನವರಿಗೆ ತಿಳಿಸಿ.

ಕೊನೆಯ ಕೆಲಸ ಬರೆದಿಡುವುದು. "ರೋಗಿಗೆ ವಿವರಿಸಲಾಗಿದೆ" ಅನ್ನುವ ಒಂದು ಸಾಲು ಯಾವುದಕ್ಕೂ ಬರುವುದಿಲ್ಲ. ಹೀಗೆ ಬರೆಯಿರಿ: "ಬೆಳಿಗ್ಗೆ 11.20. ರೋಗಿ ಒಬ್ಬರೇ ಇದ್ದರು. ಆಶಾ ಕಾರ್ಯಕರ್ತೆ ಯರವ ಮಾತಿನಲ್ಲಿ ಹೇಳಿದರು. ಆಪರೇಷನ್ ಆದರೆ ಮತ್ತೆ ಮಗು ಆಗುವುದಿಲ್ಲ ಎಂದು ರೋಗಿ ತಾವೇ ಹೇಳಿದರು. ಇವತ್ತು ಬೇಡ, ಗಂಡನ ಹತ್ತಿರ ಮಾತಾಡಿ ಬರುತ್ತೇನೆ ಎಂದರು. ಬರುವ ಸೋಮವಾರ ಬರಲು ತಿಳಿಸಿದೆ. ಹೊರಗೆ ರೈಟರ್ ಏನಾಯಿತೆಂದು ಕೇಳಿದರು. ಹೇಳಿಲ್ಲ." ಕೆಳಗೆ ಸಹಿ ಹಾಕಿ, ಹೆಸರು ಬಿಡಿಸಿ ಬರೆಯಿರಿ.